ಎಲ್ಲಾ ಸಿಟ್ಟೂ ಆಂಗ್ರಿ ಅಲ್ಲ: ಇಂಗ್ಲಿಷಿನ ಕೋಪದ ಪದಗಳನ್ನು ಆರಿಸಿಕೊಳ್ಳೋದು ಹೇಗೆ

ದಾವಣಗೆರೆಯಲ್ಲಿ ಸಂಜೆ ಹೊತ್ತು ನಾನು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಪಿ.ಬಿ. ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಹಳೇ ಮನೆಯ ಮಹಡಿ, ಹದಿನೈದು ಕುರ್ಚಿ, ಒಂದು ಬೋರ್ಡು. ಬರೋರಲ್ಲಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕೋರಿದ್ದಾರೆ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕೋರಿದ್ದಾರೆ, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡೋರೂ ಇದ್ದಾರೆ.

ಅಂಥ ಒಬ್ಬ ಹುಡುಗ ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದ. ಅವನ ಪೇ ಸ್ಲಿಪ್ಪಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತಂತೆ. ಸರಿ ಮಾಡಿಕೊಡಿ ಅಂತ ಆಫೀಸಿಗೆ ಮೇಲ್ ಬರೆದಿದ್ದಾನೆ. ಕೊನೆಗೆ ‘ಐ ಆಮ್ ಔಟ್‌ರೇಜ್ಡ್’ ಅಂತ ಒಂದು ಸಾಲು ಸೇರಿಸಿದ್ದಾನೆ. ಅರ್ಧ ಗಂಟೆಯೊಳಗೆ ಮ್ಯಾನೇಜರ್ ಫೋನ್. ‘ಯಾಕಪ್ಪಾ, ಅಂಥದ್ದೇನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?’ ಹುಡುಗ ಹೇಳಬೇಕಿದ್ದದ್ದು ಸ್ವಲ್ಪ ಬೇಜಾರಾಯ್ತು ಅಂತ ಅಷ್ಟೇ.

‘ಸರ್, ಡಿಕ್ಷನರಿ ನೋಡೇ ಬರೆದೆ. ಆಂಗರ್ ತೆಗೆದ್ರೂ ಕೋಪ, ಫ್ಯೂರಿ ತೆಗೆದ್ರೂ ಕೋಪ, ಔಟ್‌ರೇಜ್ ತೆಗೆದ್ರೂ ಕೋಪ. ಎಲ್ಲಾ ಒಂದೇ ಅಲ್ವಾ ಅಂತ ಕೇಳೋಕೆ ಚೆನ್ನಾಗಿರೋದನ್ನ ಹಾಕಿದೆ’ ಅಂದ.

ಅವನನ್ನ ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ನಾನು ಕಲಿಯೋವಾಗಲೂ ಹೀಗೇ ಮಾಡಿದ್ದೆ. ಅವತ್ತಿನ ಪಾಠ ಬಿಟ್ಟು ಸಿಟ್ಟನ್ನೇ ಹಿಡಿದುಕೊಂಡು ಕೂತೆವು. ಒಂದು ಸಂಜೆಗೆ ಮುಗಿಯುತ್ತೆ ಅಂದುಕೊಂಡಿದ್ದು ಒಂದು ವಾರ ಹಿಡಿಯಿತು. ಆ ವಾರ ನಾವು ನಡೆದ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಡಿಕ್ಷನರಿ ಮುಚ್ಚಿಡಿ, ಮೊದಲು ಕನ್ನಡದಲ್ಲೇ ಬಿಡಿಸಿ ನೋಡಿ

ನಮ್ಮಲ್ಲಿ ಸಿಟ್ಟಿಗೆ ಎಷ್ಟು ಪದ ಇವೆ ಅಂತ ಬೋರ್ಡಿನ ಮೇಲೆ ಬರೆಯೋಕೆ ಹೇಳಿದೆ. ಸಿಟ್ಟು, ಕೋಪ, ಮುನಿಸು, ರೋಷ, ಕ್ರೋಧ, ಆಕ್ರೋಶ, ಸಿಡುಕು, ಸೆಡವು, ಕಿರಿಕಿರಿ, ಬೇಜಾರು, ಜಿದ್ದು, ಹಗೆ. ಆಮೇಲೆ ಮಾತುಗಳು ಬಂದವು. ರೇಗಿತು, ರೋಸಿಹೋಯ್ತು, ಮೈ ಉರೀತು, ತಲೆ ಕೆಟ್ಟೋಯ್ತು, ಕೆಂಡಾಮಂಡಲ ಆದ, ಹರಿಹಾಯ್ದ, ಮುಖ ಊದಿಸಿಕೊಂಡ, ಒಳಗೊಳಗೇ ಕುದ್ದ. ಬೋರ್ಡು ತುಂಬಿತು.

ಈಗ ಅದಲು ಬದಲು ಮಾಡಿ ನೋಡಿ. ‘ಸೊಳ್ಳೆ ಮೇಲೆ ನನಗೆ ಮುನಿಸು’ ಅಂತ ಯಾರಾದ್ರೂ ಅಂತಾರಾ? ‘ಹೆಂಡತಿ ಸಾರಿಗೆ ಉಪ್ಪು ಹಾಕಿಲ್ಲ ಅಂತ ಅವನು ಆಕ್ರೋಶ ವ್ಯಕ್ತಪಡಿಸಿದ’ ಅಂದ್ರೆ ನಗು ಬರುತ್ತೆ, ಅಲ್ವಾ? ಮುನಿಸು ಬೇಕಾದವರ ಮೇಲೆ ಮಾತ್ರ ಬರೋದು. ಆಕ್ರೋಶಕ್ಕೆ ನಾಲ್ಕು ಜನ ಸೇರಬೇಕು, ಒಂದು ಕಾರಣ ದೊಡ್ಡದಿರಬೇಕು. ಇದನ್ನ ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಮನೆಯಲ್ಲಿ, ಬೀದಿಯಲ್ಲಿ ಕೇಳಿ ಕೇಳಿ ಬಂತು. ಇಂಗ್ಲಿಷ್ ಮನೆಮಾತಾದವರಿಗೂ ಅವರ ಪದಗಳು ಹಾಗೇ ಬಂದಿವೆ. ನಮಗೆ ಆ ಬೀದಿ ಇಲ್ಲ. ಅದಕ್ಕೇ ಸ್ವಲ್ಪ ಲೆಕ್ಕ ಹಾಕಿ ಕಲಿಯಬೇಕು.

ಹಂತ 2: ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಸಿಟ್ಟು ಎಷ್ಟು ಬಿಸಿ ಇದೆ? ಎಷ್ಟು ಹೊತ್ತಿನದು, ಈಗ ಬಂದು ಈಗ ಹೋಗೋದಾ ಅಥವಾ ವರ್ಷಗಟ್ಟಲೆ ಕೂತಿರೋದಾ? ಯಾಕೆ ಬಂತು, ಬರೀ ತೊಂದರೆಯಾ, ಅನ್ಯಾಯವಾ, ಇಲ್ಲ ಕೆಲಸ ಆಗಲಿಲ್ಲ ಅನ್ನೋ ಸಂಕಟವಾ? ಹೊರಗೆ ಬಂತಾ, ಒಳಗೇ ಉಳೀತಾ?

ತುಂಬಾ ಜನ ಮೊದಲನೇ ಪ್ರಶ್ನೆಯನ್ನಷ್ಟೇ ಕೇಳಿಕೊಳ್ತಾರೆ. ಕಮ್ಮಿ ಸಿಟ್ಟಿಗೆ ಆನಾಯ್ಡ್, ಜಾಸ್ತಿ ಸಿಟ್ಟಿಗೆ ಆಂಗ್ರಿ, ಇನ್ನೂ ಜಾಸ್ತಿಗೆ ಫ್ಯೂರಿಯಸ್ ಅಂತ ಏಣಿ ಮಾಡಿಟ್ಟುಕೊಳ್ತಾರೆ. ಅರ್ಧ ಪದಗಳಿಗೆ ಅದು ಸರಿ ಹೋಗುತ್ತೆ. ಉಳಿದರ್ಧ ಆ ಏಣಿಯ ಮೇಲೆ ಕೂರೋದೇ ಇಲ್ಲ. ರಿಸೆಂಟ್‌ಮೆಂಟ್ ಬಿಸಿಯ ಲೆಕ್ಕದಲ್ಲಿ ಎಲ್ಲಿ ಬರುತ್ತೆ ಹೇಳಿ? ಅದು ತಣ್ಣಗೇ ಇರಬಹುದು, ಆದರೂ ಇಪ್ಪತ್ತು ವರ್ಷ ಇರಬಹುದು. ನನ್ನ ಕೇಳಿದರೆ ಮೂರನೇ ಪ್ರಶ್ನೆಯೇ ಮುಖ್ಯ. ಯಾಕೆ ಅನ್ನೋದು ಗೊತ್ತಾದರೆ ಪದ ಮುಕ್ಕಾಲು ಸಿಕ್ಕ ಹಾಗೆ.

ಹಂತ 3: ಬೆಣ್ಣೆದೋಸೆ ಸಾಲಿನಲ್ಲಿ ನಿಂತು ನೋಡಿ

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. ಸಣ್ಣ ಹೋಟೆಲು, ಸೌದೆ ಒಲೆ, ದೊಡ್ಡ ಕಾವಲಿ. ಒಂದು ಸಲಕ್ಕೆ ಎಂಟೋ ಹತ್ತೋ ದೋಸೆ ಹುಯ್ಯುತ್ತಾರೆ. ಮೇಲೆ ಬೆಣ್ಣೆ ಹಾಕುತ್ತಿದ್ದ ಹಾಗೆ ಹೊಗೆ ಮತ್ತು ಘಮ ಎರಡೂ ಒಟ್ಟಿಗೆ ಮುಖಕ್ಕೆ ಹೊಡೆಯುತ್ತವೆ. ನೀವು ರಾತ್ರಿ ಸರಿಯಾಗಿ ಊಟ ಮಾಡಿಲ್ಲ. ಕೈಯಲ್ಲಿ ಟೋಕನ್ ಇದೆ, ಮುಂದೆ ಹನ್ನೆರಡು ಜನ ಇದ್ದಾರೆ.

ಹೊಟ್ಟೆ ಹಸಿದು ಸುಮ್ಸುಮ್ನೆ ಸಿಡುಕು ಬರ್ತಿದೆ. ಇದಕ್ಕೆ ಇಂಗ್ಲಿಷಿನವರು ಹಂಗ್ರಿಗೆ ಆಂಗ್ರಿ ಸೇರಿಸಿ ಹ್ಯಾಂಗ್ರಿ ಅಂತ ಪದ ಮಾಡಿಕೊಂಡಿದ್ದಾರೆ. ತಮಾಷೆಗೆ ಹುಟ್ಟಿದ್ದು, 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೂ ಸೇರಿತು. ಗೆಳೆಯರ ಜೊತೆ ಬಳಸಿ, ಆಫೀಸಿನಲ್ಲಿ ಬೇಡ.

ಹಿಂದೆ ನಿಂತವನ ಬ್ಯಾಗು ನಿಮ್ಮ ಬೆನ್ನಿಗೆ ತಾಗುತ್ತಿದೆ. ಒಂದು ಸಲ ತಾಗಿತು, ಸರಿದು ನಿಂತಿರಿ. ಮತ್ತೆ ತಾಗಿತು. ಮತ್ತೆ. ಇದು ಇರಿಟೇಟೆಡ್. ಚರ್ಮ ಉರಿದರೆ ಡಾಕ್ಟ್ರು ಸ್ಕಿನ್ ಇರಿಟೇಷನ್ ಅಂತಾರಲ್ಲ, ಅದೇ ಪದ. ಸಣ್ಣದೊಂದು ಮತ್ತೆ ಮತ್ತೆ ಉಜ್ಜಿ ಉಜ್ಜಿ ಹುಟ್ಟೋ ಕಿರಿಕಿರಿ. ಅವನು ಫೋನಿನಲ್ಲಿ ಸ್ಪೀಕರ್ ಹಾಕಿಕೊಂಡು ಇಡೀ ಹೋಟೆಲ್ಲಿಗೆ ಕೇಳೋ ಹಾಗೆ ರೀಲ್ಸ್ ನೋಡೋಕೆ ಶುರು ಮಾಡಿದ. ಈಗ ನೀವು ಆನಾಯ್ಡ್. ಎರಡೂ ಹತ್ತಿರದ ಪದಗಳೇ, ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಆಕಾಶ ಬೀಳಲ್ಲ. ಆದರೆ ಇರಿಟೇಟೆಡ್ ಅನ್ನೋದು ನರಕ್ಕೆ ಹತ್ತಿರ, ಕಾರಣವೇ ಇಲ್ಲದೆಯೂ ಬರಬಹುದು. ಆನಾಯ್ಡ್ ಆಗೋಕೆ ಸಾಮಾನ್ಯವಾಗಿ ಇಂಥದ್ದು ಅಂತ ಬೊಟ್ಟು ಮಾಡಿ ತೋರಿಸೋಕೆ ಏನಾದರೂ ಇರುತ್ತೆ.

ನಿಮ್ಮ ನಂಬರ್ ಕೂಗಿದರು. ಕೈ ಚಾಚೋಷ್ಟರಲ್ಲಿ ಪ್ಲೇಟು ಇನ್ನೊಬ್ಬರ ಟೇಬಲ್ಲಿಗೆ ಹೋಯ್ತು. ಈಗ ಆಂಗ್ರಿ. ಅನುಮಾನವೇ ಬೇಡ, ಇದಕ್ಕೇ ಆ ಪದ ಇರೋದು. ತಪ್ಪು ನಡೆದಿದೆ, ಮಾಡಿದೋರು ಎದುರಿಗಿದ್ದಾರೆ, ನಿಮಗೆ ಸಿಟ್ಟು ಬಂದಿದೆ.

‘ಯಾಕ್ರೀ, ನಾನಲ್ವಾ ಮೊದಲು ಬಂದಿದ್ದು?’ ಅಂತ ಕೇಳಿದಿರಿ. ‘ಅವರು ನಮ್ ಓನರ್ ಕಡೆಯೋರು ಸರ್’ ಅಂದ. ಸಿಟ್ಟಿನ ಬಣ್ಣ ಬದಲಾಯ್ತು ನೋಡಿ. ದೋಸೆಯ ವಿಷಯ ಹೋಯ್ತು, ಮರ್ಯಾದೆಯ ವಿಷಯ ಬಂತು. ನಾವೇನು ದುಡ್ಡು ಕೊಡಲ್ವಾ, ನಾವೇನು ಮನುಷ್ಯರಲ್ವಾ ಅನ್ನಿಸೋ ಸಿಟ್ಟು ಇಂಡಿಗ್ನೆಂಟ್.

ಸರಿ, ಮತ್ತೆ ಕಾದಿರಿ. ಕೇಳಿದಾಗೆಲ್ಲ ‘ಎರಡೇ ನಿಮಿಷ ಸರ್.’ ನಾಲ್ಕನೇ ಸಲವೂ ಅದೇ ಎರಡು ನಿಮಿಷ. ಕೂಗಾಡೋಕೂ ಶಕ್ತಿ ಇಲ್ಲ, ಉಸ್ಸಪ್ಪಾ ಅಂತ ಉಸಿರು ಬಿಟ್ಟಿರಿ. ಎಕ್ಸಾಸ್ಪರೇಟೆಡ್. ನಮ್ಮ ರೋಸಿಹೋಗೋದು ಇದಕ್ಕೆ ಎಷ್ಟು ಸರಿಯಾಗಿ ಕೂರುತ್ತೆ ಅಂದ್ರೆ ನನಗೆ ಪ್ರತಿ ಸಲ ಖುಷಿಯಾಗುತ್ತೆ. ತಾಳ್ಮೆ ಮುಗಿದು ಸುಸ್ತಾದ ಸಿಟ್ಟು. ಮೂಲ ಲ್ಯಾಟಿನ್ನಿನಲ್ಲಿ ಆಸ್ಪರ್ ಅಂದ್ರೆ ಒರಟು. ಉಜ್ಜಿ ಉಜ್ಜಿ ಮನಸ್ಸು ತರಿತರಿ ಆಗಿದೆ ಅಂತ ಇಟ್ಟುಕೊಳ್ಳಿ.

ಕೊನೆಗೆ ಒಲೆ ಹತ್ತಿರದಿಂದ ಕೂಗು: ‘ಹಿಟ್ಟು ಮುಗೀತು!’ ಯಾರ ಮೇಲೆ ಸಿಟ್ಟು ಮಾಡ್ತೀರಿ? ಯಾರ ಮೇಲೂ ಇಲ್ಲ. ಒಂದು ಗಂಟೆ ನಿಂತಿದ್ದು ವ್ಯರ್ಥ ಆಯ್ತು. ಇದು ಫ್ರಸ್ಟ್ರೇಟೆಡ್. ಲ್ಯಾಟಿನ್ನಿನ ಫ್ರುಸ್ಟ್ರಾ ಅಂದ್ರೇನೇ ವ್ಯರ್ಥವಾಗಿ ಅಂತ.

ಅಷ್ಟರಲ್ಲಿ ಇನ್ನೊಬ್ಬ ಟೇಬಲ್ ಗುದ್ದಿ, ನೀರಿನ ಲೋಟ ಎಸೆದು, ಕಣ್ಣು ಕೆಂಪಗೆ ಮಾಡಿಕೊಂಡು ಕೂಗಾಡೋಕೆ ಹಿಡಿದ. ಅವನು ಫ್ಯೂರಿಯಸ್. ಲೋಟ ಎಸೆದದ್ದು ರೇಜ್‌ನಲ್ಲಿ. ನೀವು ಸುಮ್ನೆ ಮನೆಗೆ ಹೋದಿರಿ. ಆದರೆ ಆರು ತಿಂಗಳಾದರೂ ಆ ಬೀದಿಯಲ್ಲಿ ಹೋಗೋವಾಗ ಆ ಹೋಟೆಲ್ ಕಡೆ ತಿರುಗಿ ನೋಡಲ್ಲ. ಅದು ರಿಸೆಂಟ್‌ಮೆಂಟ್.

ಒಂದೇ ದೋಸೆ, ಹತ್ತು ಪದ.

ಹಂತ 4: ಅವಳಿ ಜವಳಿ ಪದಗಳನ್ನು ಬಿಡಿಸಿಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಎಲ್ಲರೂ ಎಡವೋದು ಇಲ್ಲೇ.

ಫ್ರಸ್ಟ್ರೇಟೆಡ್ ಮತ್ತು ಆಂಗ್ರಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿ, ಬಿಸಿಲಿನಲ್ಲಿ ಸ್ಕೂಟರ್ ಆಫ್ ಮಾಡಿಕೊಂಡು ನಿಂತ ನೆನಪು ನಮ್ಮೂರಿನ ಹಳಬರಿಗೆಲ್ಲ ಇದೆ. ರೈಲಿನ ಮೇಲೆ ಯಾರೂ ಸಿಟ್ಟಾಗಲ್ಲ. ಹೋಗಬೇಕು, ಹೋಗೋಕಾಗ್ತಿಲ್ಲ. ಆ ಅಡ್ಡಿಯ ಸಂಕಟ ಫ್ರಸ್ಟ್ರೇಷನ್. ಗೇಟ್ ತೆಗೆದ ಮೇಲೆ ಎದುರಿನವನು ರಾಂಗ್ ಸೈಡಿಗೆ ಗಾಡಿ ನುಗ್ಗಿಸಿದನಲ್ಲ, ಆಗ ಬಂದದ್ದು ಆಂಗರ್. ಅಂದಹಾಗೆ ನಮ್ಮ ಹುಡುಗರು ‘ಫುಲ್ ಫ್ರಸ್ಟ್ರೇಷನ್ ಮಗಾ’ ಅನ್ನೋದು ಬೇಜಾರಿಗೂ ಆಯ್ತು, ಸೋಲಿಗೂ ಆಯ್ತು, ಹುಡುಗಿ ಮಾತಾಡಿಸದಿದ್ದದ್ದಕ್ಕೂ ಆಯ್ತು. ಅದು ನಮ್ಮ ಫ್ರಸ್ಟ್ರೇಷನ್. ಇಂಗ್ಲಿಷಿನದು ಇಷ್ಟು ಅಗಲ ಇಲ್ಲ.

ಅಪ್‌ಸೆಟ್. ಇದು ನಮ್ಮ ಬೇಜಾರಿನ ಹಾಗೆ, ಅರ್ಧ ದುಃಖ ಅರ್ಧ ಸಿಟ್ಟು. ‘ಶಿ ಈಸ್ ಅಪ್‌ಸೆಟ್ ವಿತ್ ಮೀ’ ಅಂದ್ರೆ ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಒಳಗೆ ನೋವೂ ಇದೆ. ಎರಡರಲ್ಲಿ ಯಾವುದು ಅಂತ ಗೊತ್ತಾಗದಿದ್ದಾಗ ಈ ಪದ ಕೈ ಬಿಡಲ್ಲ. ಸಿಟ್ಟಿಗೂ ದುಃಖಕ್ಕೂ ನಂಟು ಹಳೆಯದೇ. ಆಂಗರ್ ಅನ್ನೋ ಪದವೇ ಉತ್ತರ ಯುರೋಪಿನ ಹಳೇ ನಾರ್ಸ್ ಭಾಷೆಯ ಆಂಗರ್‌ನಿಂದ ಬಂದದ್ದು, ಅಲ್ಲಿ ಅದಕ್ಕೆ ದುಃಖ, ಸಂಕಟ ಅಂತ ಅರ್ಥ ಇತ್ತು.

ಇಂಡಿಗ್ನೆಂಟ್ ಮತ್ತು ಔಟ್‌ರೇಜ್ಡ್. ಇವೆರಡೂ ನ್ಯಾಯದ ಪದಗಳು. ಅನ್ಯಾಯ ಆಗಿದೆ ಅನ್ನೋ ಭಾವನೆ ಇಲ್ಲದಿದ್ದರೆ ಎರಡನ್ನೂ ಮುಟ್ಟಬೇಡಿ. ಇಂಡಿಗ್ನೆಂಟ್‌ನೊಳಗೆ ಡಿಗ್ನಿಟಿ ಕೂತಿದೆ. ಲ್ಯಾಟಿನ್ನಿನ ಇಂಡಿಗ್ನುಸ್ ಅಂದ್ರೆ ಯೋಗ್ಯವಲ್ಲದ್ದು. ಇದು ನನಗೆ ಮಾಡತಕ್ಕದ್ದಲ್ಲ, ನಾನು ಇದಕ್ಕೆ ಅರ್ಹನಲ್ಲ ಅನ್ನೋ ಸಿಟ್ಟು. ಕನ್ನಡದಲ್ಲಿ ಸಾತ್ವಿಕ ಸಿಟ್ಟು ಅಂತೀವಿ, ಅದು ತೀರಾ ಹತ್ತಿರ. ಆದರೆ ಒಂದು ಎಚ್ಚರ. ಇನ್ನೊಬ್ಬರನ್ನ ಇಂಡಿಗ್ನೆಂಟ್ ಅಂದಾಗ ಕೆಲವೊಮ್ಮೆ ಸಣ್ಣ ಚುಚ್ಚು ಇರುತ್ತೆ. ತಾನೇ ಸರಿ ಅಂತ ಎದೆ ಸೆಟೆಸಿಕೊಂಡು ನಿಂತವನ ಚಿತ್ರ ಅದು.

ಔಟ್‌ರೇಜ್ ನೋಡಿದರೆ ಔಟ್ ಜೊತೆ ರೇಜ್ ಸೇರಿಸಿದ ಹಾಗೆ ಕಾಣುತ್ತೆ. ನಾನೂ ವರ್ಷಗಟ್ಟಲೆ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ. ಹಳೇ ಫ್ರೆಂಚಿನ ಊತ್ರ್ ಅಂದ್ರೆ ಆಚೆಗೆ, ಮೀರಿ. ಅದಕ್ಕೆ ಏಜ್ ಅನ್ನೋ ಬಾಲ ಸೇರಿ ಔಟ್‌ರೇಜ್ ಆಯ್ತು. ಅಂದ್ರೆ ಎಲ್ಲೆ ಮೀರಿದ್ದು. ಮೊದಲು ಆ ಪದ ಹೇಳ್ತಿದ್ದದ್ದು ಎಲ್ಲೆ ಮೀರಿದ ಕೃತ್ಯವನ್ನ, ಅದನ್ನ ನೋಡಿ ಬಂದ ಸಿಟ್ಟಿನ ಅರ್ಥ ಆಮೇಲೆ ಸೇರಿತು. ಮಗುವಿನ ಮೇಲೆ ಕೈ ಮಾಡಿದ ಸುದ್ದಿ ಓದಿದಾಗ, ಔಷಧಿಯಲ್ಲಿ ಕಲಬೆರಕೆ ಸಿಕ್ಕಾಗ ಊರಿಗೆ ಊರೇ ಔಟ್‌ರೇಜ್ಡ್ ಆಗುತ್ತೆ. ಭದ್ರಾ ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದೆ ಭತ್ತ ಒಣಗಿದಾಗ ನಮ್ಮ ಪೇಪರುಗಳು ಹಾಕೋ ಹೆಡ್ಡಿಂಗು ಗೊತ್ತಲ್ಲ, ರೈತರ ಆಕ್ರೋಶ. ಆಕ್ರೋಶ ಅಂದ್ರೆ ಸಂಸ್ಕೃತದಲ್ಲಿ ಕೂಗು, ಗಟ್ಟಿ ದನಿಯ ಬೈಗುಳ. ಹತ್ತು ಜನ ರಸ್ತೆಗಿಳಿದು ಕೂಗೋ ಸಿಟ್ಟು. ಪೇ ಸ್ಲಿಪ್ಪಿನ ಒಂದು ಅಕ್ಷರಕ್ಕೆ ಆಕ್ರೋಶ ಹಾಕಿದ್ದ ನಮ್ಮ ಹುಡುಗ. ಮ್ಯಾನೇಜರ್ ಗಾಬರಿ ಬಿದ್ದದ್ದು ಸುಮ್ನೆ ಅಲ್ಲ.

ರಿಸೆಂಟ್‌ಮೆಂಟ್ ಮತ್ತು ಗ್ರಡ್ಜ್. ಫ್ರೆಂಚಿನಲ್ಲಿ ರಿ ಅಂದ್ರೆ ಮತ್ತೆ, ಸಾಂತಿರ್ ಅಂದ್ರೆ ಅನುಭವಿಸು. ಆಗಿಹೋದ ನೋವನ್ನ ಮತ್ತೆ ಮತ್ತೆ ಅನುಭವಿಸೋದು ರಿಸೆಂಟ್‌ಮೆಂಟ್. ಎಮ್ಮೆ ಮೆಲುಕು ಹಾಕಿದ ಹಾಗೆ. ಅಣ್ಣನಿಗೆ ಹೊಸ ಸೈಕಲ್, ತಮ್ಮನಿಗೆ ಯಾವಾಗಲೂ ಅಣ್ಣನ ಹಳೇದು. ತಮ್ಮ ಏನೂ ಅನ್ನಲ್ಲ, ನಗ್ತಾನೇ ಇರ್ತಾನೆ. ನಲವತ್ತು ವರ್ಷವಾದ ಮೇಲೆ ಆಸ್ತಿ ಪಾಲಿನ ದಿನ ಆ ಸೈಕಲ್ ಹೊರಗೆ ಬರುತ್ತೆ. ನಡುವಿನ ನಲವತ್ತು ವರ್ಷ ಅವನೊಳಗೆ ಇದ್ದದ್ದು ರಿಸೆಂಟ್‌ಮೆಂಟ್. ಗ್ರಡ್ಜ್ ಇನ್ನೊಂದು ಹೆಜ್ಜೆ ಮುಂದೆ. ಇಂಥವನು ಇಂಥದ್ದು ಮಾಡಿದ, ನಾನು ಮರೆಯಲ್ಲ, ಸಮಯ ಬರಲಿ ಅನ್ನೋ ಜಿದ್ದು. ಮೂಲದಲ್ಲಿ ಅದು ಗೊಣಗೋದು ಅನ್ನೋ ಅರ್ಥದ ಫ್ರೆಂಚ್ ಪದ. ಬಳಸೋವಾಗ ‘ಹೋಲ್ಡ್ ಎ ಗ್ರಡ್ಜ್’ ಅಥವಾ ‘ಬೇರ್ ಎ ಗ್ರಡ್ಜ್’ ಅಂತಲೇ ಹೇಳಿ, ‘ಕೀಪಿಂಗ್ ಗ್ರಡ್ಜ್’ ಅನ್ನೋದು ನಮ್ಮ ಇಟ್ಕೊಂಡಿದ್ದಾನೆ ಅನ್ನೋದರ ನೆರಳು.

ರೇಜ್ ಮತ್ತು ಫ್ಯೂರಿ. ಎರಡೂ ತಲೆಗೇರಿದ ಸಿಟ್ಟು. ರೇಜ್ ಲ್ಯಾಟಿನ್ನಿನ ರಾಬಿಯೆಸ್‌ನಿಂದ ಬಂತು, ಹುಚ್ಚುನಾಯಿ ಕಾಯಿಲೆಗೆ ರೇಬಿಸ್ ಅಂತೀವಲ್ಲ, ಅದೂ ಅಲ್ಲಿಂದಲೇ. ಕೈ ಹಿಡಿತ ತಪ್ಪಿದೆ ಅಂತ ಹೇಳಬೇಕಾದರೆ ರೇಜ್. ಫ್ಯೂರಿಯಸ್ ಆದವನು ಕೂಗದೆಯೂ ಇರಬಹುದು, ಹಲ್ಲು ಕಚ್ಚಿಕೊಂಡು ತಣ್ಣಗೆ ಮಾತಾಡಬಹುದು. ಮಳೆ, ಗಾಳಿ, ಬೆಂಕಿಗೂ ಇವು ಹೊಂದುತ್ತವೆ. ನಾವು ಪ್ರಕೃತಿ ವಿಕೋಪ ಅನ್ನಲ್ವಾ, ಹಾಗೇ. ಆದರೆ ಆನಾಯ್ಡ್ ಆದ ಬಿರುಗಾಳಿ ಯಾವ ಭಾಷೆಯಲ್ಲೂ ಬೀಸಲ್ಲ.

ಉಳಿದವನ್ನು ಬೇಗ ಮುಗಿಸೋಣ. ಲಿವಿಡ್ ಅಂದ್ರೆ ಫ್ಯೂರಿಯಸ್‌ನಷ್ಟೇ ಬಿಸಿ. ಲ್ಯಾಟಿನ್ನಿನಲ್ಲಿ ಅದು ಪೆಟ್ಟು ಬಿದ್ದು ಕಂದಿದ ನೀಲಿ ಬಣ್ಣ. ಕ್ರಾಸ್ ಅನ್ನೋದು ಬ್ರಿಟಿಷರ ಮನೆಮಾತು, ಅಮ್ಮ ಮಗುವಿನ ಮೇಲೆ ರೇಗಿದಷ್ಟು. ಐರೇಟ್ ಅನ್ನೋದು ಪೇಪರಿನ ಪದ, ಐರೇಟ್ ಕಸ್ಟಮರ್ ಅಂತ ಓದಿರ್ತೀರಿ, ಮಾತಿನಲ್ಲಿ ಕಮ್ಮಿ. ರಾತ್ ಅನ್ನೋದು ದೇವರ ಸಿಟ್ಟು, ಪುರಾಣದ ಸಿಟ್ಟು. ಕ್ರೈಸ್ತರ ಏಳು ಮಹಾಪಾಪಗಳ ಪಟ್ಟಿಯಲ್ಲಿ ಇದಿದೆ, ನಮ್ಮ ಅರಿಷಡ್ವರ್ಗದಲ್ಲಿ ಕ್ರೋಧ ಇದ್ದ ಹಾಗೆ. ಪಕ್ಕದ ಮನೆಯವರು ಕಸ ಹಾಕಿದ್ದಕ್ಕೆ ರಾತ್ ಬೇಡ. ಮ್ಯಾಡ್ ಅನ್ನೋದು ಅಮೆರಿಕದವರ ಬಾಯಲ್ಲಿ ಸಿಟ್ಟು, ಬ್ರಿಟಿಷರ ಬಾಯಲ್ಲಿ ಹೆಚ್ಚಾಗಿ ಹುಚ್ಚು. ಓಟಿಟಿ ನೋಡಿ ಹುಡುಗರು ಕಲಿತಿರೋ ಪಿಸ್ಡ್ ಆಫ್ ಒರಟು ಮಾತು, ಹಿರಿಯರ ಮುಂದೆ ಆಡೋದಲ್ಲ. ಆಫ್ ಬಿಟ್ಟು ಬರೀ ಪಿಸ್ಡ್ ಅಂದ್ರೆ ಬ್ರಿಟನ್ನಿನಲ್ಲಿ ಕುಡಿದು ಟೈಟಾಗಿದ್ದಾನೆ ಅಂತ ಅರ್ಥ. ಲಂಡನ್ನಿನ ಬಾಸ್ ಬಗ್ಗೆ ಹಾಗಂದು ಬಿಟ್ಟೀರಿ!

ಟೆಂಪರ್ ಬಗ್ಗೆ ಮಾತ್ರ ಒಂದು ನಿಮಿಷ ನಿಲ್ಲಬೇಕು. ‘ಅವನಿಗೆ ಟೆಂಪರ್ ಜಾಸ್ತಿ’ ಅಂತ ನಾವು ಅಂದಾಗ ಟೆಂಪರ್ ಅಂದ್ರೇ ಸಿಟ್ಟು ಅಂದುಕೊಂಡಿರ್ತೀವಿ. ಹಾಗಾದರೆ ಸಿಟ್ಟು ಬಂದಾಗ ‘ಲಾಸ್ಟ್ ಹಿಸ್ ಟೆಂಪರ್’ ಅಂತ ಯಾಕಂತಾರೆ, ಸಿಟ್ಟು ಕಳೆದುಕೊಂಡರೆ ಶಾಂತ ಆಗಬೇಕಲ್ವಾ? ಒಬ್ಬ ಹುಡುಗಿ ಇದನ್ನ ಕೇಳಿದಾಗ ಕ್ಲಾಸಿಗೆ ಕ್ಲಾಸೇ ತಲೆ ಕೆರೆದುಕೊಂಡಿತು. ಟೆಂಪರ್ ಅಂದ್ರೆ ಮೂಲದಲ್ಲಿ ಹದ. ಲ್ಯಾಟಿನ್ನಿನ ಆ ಕ್ರಿಯಾಪದಕ್ಕೆ ಸರಿಯಾದ ಪ್ರಮಾಣದಲ್ಲಿ ಬೆರೆಸು ಅಂತ ಅರ್ಥ. ಕಮ್ಮಾರ ಕುಡುಗೋಲಿಗೆ ಹದ ಕೊಡೋದಕ್ಕೂ ಇಂಗ್ಲಿಷಿನಲ್ಲಿ ಟೆಂಪರ್ ಅಂತಲೇ ಅನ್ನೋದು. ಮನಸ್ಸಿನ ಹದ ತಪ್ಪಿತು, ಅದೇ ಲಾಸ್ಟ್ ಹಿಸ್ ಟೆಂಪರ್. ಮುಂದೆ ಬಳಕೆಯಲ್ಲಿ ಅದಕ್ಕೆ ಸಿಟ್ಟಿನ ಅರ್ಥವೂ ಅಂಟಿಕೊಂಡಿತು, ಹಾಗಾಗಿ ‘ಹಿ ಹ್ಯಾಸ್ ಎ ಟೆಂಪರ್’ ಅಂದ್ರೆ ಸಿಟ್ಟಿನ ಮನುಷ್ಯ. ಮೂಗಿನ ತುದಿಯಲ್ಲೇ ಸಿಟ್ಟು ಇದ್ದರೆ ಶಾರ್ಟ್ ಟೆಂಪರ್ಡ್. ‘ಹಿ ಈಸ್ ಶಾರ್ಟ್ ಟೆಂಪರ್’ ಅಂತ ಡ್ ನುಂಗಬೇಡಿ.

ಹಂತ 5: ಸಿಟ್ಟು ಬರುತ್ತೆ, ಆಂಗರ್ ಬರಲ್ಲ

ಇದು ವ್ಯಾಕರಣದ ಮಾತು, ಆದರೆ ಹೆದರಬೇಡಿ. ಕನ್ನಡದಲ್ಲಿ ‘ನನಗೆ ಸಿಟ್ಟು ಬಂತು’ ಅಂತೀವಿ. ಸಿಟ್ಟು ನೆಂಟರ ಹಾಗೆ, ಅದಾಗಿಯೇ ಬರುತ್ತೆ, ಅದಾಗಿಯೇ ಹೋಗುತ್ತೆ. ನಾವು ಬರೀ ಮನೆ. ಇಂಗ್ಲಿಷಿನಲ್ಲಿ ಹೀಗೆ ನುಣುಚಿಕೊಳ್ಳೋಕೆ ಆಗಲ್ಲ. ‘ಐ ಆಮ್ ಆಂಗ್ರಿ.’ ವಾಕ್ಯದ ಯಜಮಾನ ನಾನೇ. ಅದಕ್ಕೇ ‘ಆಂಗರ್ ಕೇಮ್ ಟು ಮೀ’ ಅನ್ನೋದು ತಪ್ಪು. ಸಿಟ್ಟು ಬಂತು ಅನ್ನೋದಕ್ಕೆ ‘ಐ ಗಾಟ್ ಆಂಗ್ರಿ’, ಸಿಟ್ಟಲ್ಲಿದ್ದಾರೆ ಅನ್ನೋದಕ್ಕೆ ‘ಹಿ ಈಸ್ ಆಂಗ್ರಿ’, ಸಿಟ್ಟು ಮಾಡ್ಕೋಬೇಡ ಅನ್ನೋದಕ್ಕೆ ‘ಡೋಂಟ್ ಬಿ ಆಂಗ್ರಿ’. ನಮ್ಮ ಮಾಡ್ಕೋ ನೋಡಿ ‘ಡೋಂಟ್ ಡೂ ಆಂಗರ್’ ಅಂತ ಬರೆದವರು ನನ್ನ ಕ್ಲಾಸಿನಲ್ಲಿ ಕಮ್ಮಿ ಏನಿಲ್ಲ.

ಇನ್ನೊಂದು ಗುಂಡಿ ಇಂಗ್ ಮತ್ತು ಎಡ್. ಸಂದರ್ಶನಕ್ಕೆ ಹೋದ ಒಬ್ಬ ಹುಡುಗಿ, ಜನ ಲೇಟಾಗಿ ಬಂದ್ರೆ ನನಗೆ ಕಿರಿಕಿರಿ ಆಗುತ್ತೆ ಅನ್ನೋಕೆ ‘ಐ ಆಮ್ ವೆರಿ ಇರಿಟೇಟಿಂಗ್’ ಅಂದಳು. ಎದುರು ಕೂತವರು ನಕ್ಕರು. ಯಾಕೆ ಅಂತ ಅವಳಿಗೆ ಬಸ್ಸಿನಲ್ಲಿ ಬರೋವಾಗ ಗೊತ್ತಾಯ್ತಂತೆ. ನಾನು ಭಾರೀ ಕಿರಿಕಿರಿ ಮಾಡೋಳು ಅಂತ ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಳು. ಕಿರಿಕಿರಿ ಕೊಡೋರು ಇರಿಟೇಟಿಂಗ್, ತಿನ್ನೋರು ಇರಿಟೇಟೆಡ್. ಆನಾಯಿಂಗ್, ಆನಾಯ್ಡ್. ಫ್ರಸ್ಟ್ರೇಟಿಂಗ್, ಫ್ರಸ್ಟ್ರೇಟೆಡ್. ಸೊಳ್ಳೆ ಇಂಗ್, ನೀವು ಎಡ್. ಇಷ್ಟು ನೆನಪಿಟ್ಟರೆ ಸಾಕು.

ಹಂತ 6: ‘ಮೇಲೆ’ಯನ್ನ ‘ಆನ್’ ಮಾಡಬೇಡಿ

ಅವನ ಮೇಲೆ ಸಿಟ್ಟು ಅಂತ ನಾವು ಅನ್ನೋದರಿಂದ ‘ಆಂಗ್ರಿ ಆನ್ ಹಿಮ್’ ಬಾಯಿಗೆ ಬಂದುಬಿಡುತ್ತೆ. ಸರಿಯಾದ್ದು ‘ಆಂಗ್ರಿ ವಿತ್ ಹಿಮ್’ ಅಥವಾ ‘ಆಂಗ್ರಿ ಅಟ್ ಹಿಮ್’. ವಿಷಯದ ಬಗ್ಗೆ ಆದರೆ ಅಬೌಟ್. ‘ಐ ಆಮ್ ಆಂಗ್ರಿ ವಿತ್ ಮೈ ಬ್ರದರ್ ಅಬೌಟ್ ದ ಮನಿ.’ ಮ್ಯಾಡ್ ಆದರೆ ಅಟ್, ಫೆಡ್ ಅಪ್ (ಸಾಕುಸಾಕಾಯ್ತು ಅನ್ನೋದು) ಆದರೆ ವಿತ್. ರಿಸೆಂಟ್ ಅನ್ನೋ ಕ್ರಿಯಾಪದಕ್ಕೆ ಇವು ಯಾವುದೂ ಬೇಡ, ‘ಐ ರಿಸೆಂಟ್ ದಟ್’ ಅಷ್ಟೇ.

ಜೊತೆಗೆ ಇನ್ನೊಂದು ಸಣ್ಣದು. ಫ್ಯೂರಿಯಸ್, ಲಿವಿಡ್ ಅಂದ್ರೇನೇ ತುದಿ ಮುಟ್ಟಿದ ಸಿಟ್ಟು. ಅದಕ್ಕೆ ವೆರಿ ಸೇರಿಸಿದರೆ ಕುದಿಯೋ ನೀರಿಗೆ ಸ್ವಲ್ಪ ಬೆಚ್ಚಗಿದೆ ಅಂದ ಹಾಗೆ. ವೆರಿ ಆಂಗ್ರಿ ಸರಿ. ಫ್ಯೂರಿಯಸ್‌ಗೆ ಬೇಕಾದರೆ ಅಬ್ಸಲ್ಯೂಟ್ಲಿ ಹಾಕಿ.

ಹಂತ 7: ಬರೆಯೋವಾಗ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ

ಆಫೀಸಿನ ಇಂಗ್ಲಿಷ್‌ನಲ್ಲಿ ಸಿಟ್ಟನ್ನ ಸಿಟ್ಟು ಅಂತ ಬರೆಯೋರು ಕಮ್ಮಿ. ಎಷ್ಟೇ ಮೈ ಉರಿದಿದ್ದರೂ ಡಿಸಪಾಯಿಂಟೆಡ್, ಕನ್ಸರ್ನ್ಡ್, ಡಿಸ್‌ಸ್ಯಾಟಿಸ್‌ಫೈಡ್ ಅಂತ ಬರೀತಾರೆ. ‘ಐ ಆಮ್ ನಾಟ್ ಹ್ಯಾಪಿ ಅಬೌಟ್ ದಿಸ್’ ಅಂತ ಬ್ರಿಟಿಷ್ ಬಾಸ್ ಒಂದು ಸಾಲು ಕಳಿಸಿದರೆ ಸ್ವಲ್ಪ ಬೇಜಾರಾಗಿದೆ ಪಾಪ ಅಂದುಕೊಳ್ಳಬೇಡಿ. ಒಳಗೆ ಕೆಂಡ ಇರಬಹುದು.

ನಮ್ಮ ಮನೆಗೆ ಒಂದು ಫ್ರಿಜ್ ತರಿಸಿದ್ದೆ. ಬಾಗಿಲ ಮೇಲೆ ಅಂಗೈ ಅಗಲ ನೆಗ್ಗಿತ್ತು. ಮೂರು ಫೋನಿಗೂ ಉತ್ತರ ಇಲ್ಲ. ಮೊದಲು ಬರೆದ ಕಂಪ್ಲೇಂಟಿನಲ್ಲಿ ಫ್ಯೂರಿಯಸ್, ಚೀಟಿಂಗ್, ಡಿಸ್‌ಗಸ್ಟಿಂಗ್ ಎಲ್ಲಾ ಸುರಿದಿದ್ದೆ. ರಾತ್ರಿ ಮಲಗಿ ಎದ್ದು ಅಳಿಸಿದೆ. ದಿನಾಂಕ, ಆರ್ಡರ್ ನಂಬರ್, ನೆಗ್ಗಿದ ಜಾಗದ ಫೋಟೊ, ಯಾವ ಯಾವ ದಿನ ಫೋನ್ ಮಾಡಿದೆ ಅನ್ನೋದು, ಆಮೇಲೆ ‘ಐ ಆಮ್ ಡಿಸಪಾಯಿಂಟೆಡ್ ದಟ್ ನೋ ಒನ್ ಹ್ಯಾಸ್ ರಿಪ್ಲೈಡ್’ ಅಂತ ಒಂದೇ ಒಂದು ಭಾವನೆಯ ಸಾಲು. ಬಾಗಿಲು ಬದಲಾಯ್ತು. ಪದದಿಂದ ಆಯ್ತೋ ಫೋಟೊದಿಂದ ಆಯ್ತೋ, ನಾನಂತೂ ಪದಕ್ಕೇ ಮಾರ್ಕ್ಸ್ ಕೊಟ್ಟಿದ್ದೇನೆ.

ಹಂತ 8: ಒಂದು ವಾರ ಸಿಟ್ಟಿನ ಲೆಕ್ಕ ಬರೆಯಿರಿ

ನೂರು ಪೇಜಿನ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಘಟನೆ, ಕನ್ನಡದಲ್ಲಿ ಎರಡು ಸಾಲು. ಅದರ ಕೆಳಗೆ ನಾಲ್ಕು ಪ್ರಶ್ನೆಗೆ ಉತ್ತರ. ಆಮೇಲೆ ಇಂಗ್ಲಿಷ್ ಪದ, ಒಂದೇ ಒಂದು. ಎರಡು ಪದ ಬರೆದು ತಪ್ಪಿಸಿಕೊಳ್ಳೋ ಹಾಗಿಲ್ಲ.

ನಮ್ಮವರು ಬರೆದದ್ದರಲ್ಲಿ ಕೆಲವು ಚೆನ್ನಾಗಿವೆ. ಅಂಗಡಿಯಲ್ಲಿ ಓನರ್ ಬೈದರು, ತಿರುಗಿ ಮಾತಾಡೋಕಾಗಲಿಲ್ಲ, ಮನೆಗೆ ಬಂದು ತಂಗಿ ಮೇಲೆ ಕೂಗಾಡಿದೆ ಅಂತ ಒಬ್ಬ ಬರೆದಿದ್ದ. ಪದ ಸಿಗದೆ ಪಕ್ಕದಲ್ಲಿ ಗಾದೆ ಹಾಕಿದ್ದ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂಟಿ ಪದಕ್ಕಿಂತ ಒಂದು ಮಾತಿದೆ, ‘ಐ ಟುಕ್ ಇಟ್ ಔಟ್ ಆನ್ ಮೈ ಸಿಸ್ಟರ್’. ಇಲ್ಲಿ ಆನ್ ಸರಿ ನೋಡಿ! ಇನ್ನೊಬ್ಬಳು ಬಡವನ ಕೋಪ ದವಡೆಗೆ ಮೂಲ ಅಂತ ಬರೆದು ಇಂಪೊಟೆಂಟ್ ರೇಜ್ ಅಂತ ಹಾಕಿದ್ದಳು. ಏನೂ ಮಾಡೋಕಾಗದವನ ಸಿಟ್ಟು. ಸರಿಯಾಗಿಯೇ ಇತ್ತು, ನಾನೇ ಹೇಳಿಕೊಟ್ಟಿರಲಿಲ್ಲ.

ಒಂದು ಮಾತ್ರ ಕೂರಲಿಲ್ಲ. ಪ್ಯೂನ್ ಕೆಲಸ ಮಾಡೋ ಒಬ್ಬರು ತಮ್ಮ ಅವ್ವನ ಬಗ್ಗೆ ಬರೆದಿದ್ದರು. ಅವ್ವ ಹರಿಹರದಲ್ಲಿರೋ ತಮ್ಮನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದಾರೆ. ಮಗಳ ಮದುವೆಗೆ ಬಾಯಿಬಿಟ್ಟು ಕರೆಯಲಿಲ್ಲ, ಕಾರ್ಡು ಕಳಿಸಿದ ಅಂತ. ಆದರೆ ಪ್ರತಿ ಯುಗಾದಿಗೆ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ಹಾಕಿ, ‘ನಿಮ್ಮ ಸೋದರಮಾವಗೆ ಕೊಟ್ಟು ಬಾ, ನಾ ಕೊಟ್ಟೆ ಅಂತ ಹೇಳಬ್ಯಾಡ’ ಅಂತ ಇವರ ಕೈಯಲ್ಲೇ ಕಳಿಸುತ್ತಾರೆ. ಅತ್ತ ಕಡೆಯಿಂದ ಅದೇ ಡಬ್ಬಿಯಲ್ಲಿ ಎಲೆ ಅಡಿಕೆ ವಾಪಸ್ ಬರುತ್ತೆ.

ಗ್ರಡ್ಜ್ ಅಂದ ಒಬ್ಬ. ಗ್ರಡ್ಜ್ ಇದ್ದೋರು ಹೋಳಿಗೆ ಕಳಿಸ್ತಾರಾ ಅಂದಳು ಇನ್ನೊಬ್ಬಳು. ರಿಸೆಂಟ್‌ಮೆಂಟ್ ಅಂದರೆ ಅದರಲ್ಲಿ ಇಷ್ಟು ತುಪ್ಪ ಇರಲ್ಲ. ಹರ್ಟ್ ಸರಿ, ಆದರೆ ಅರ್ಧವೇ. ಸಲ್ಕಿಂಗ್ ಅಂದರೆ ಮಕ್ಕಳ ಮುಖ ಊದಿಸೋ ಆಟ, ಎಪ್ಪತ್ತು ದಾಟಿದ ಅವ್ವನಿಗೆ ಅದು ಸಣ್ಣ ಅಂಗಿ. ಒಂಬತ್ತು ಗಂಟೆವರೆಗೆ ಜಗಳ ಆಡಿದೆವು. ಕೊನೆಗೆ ಅವರ ನೋಟ್‌ಬುಕ್ಕಿನಲ್ಲಿ ನಾಲ್ಕು ಉತ್ತರದ ಕೆಳಗೆ ಕನ್ನಡದಲ್ಲೇ ಮುನಿಸು ಅಂತ ಬರೆಸಿ, ಇಂಗ್ಲಿಷ್ ಪದದ ಜಾಗ ಖಾಲಿ ಬಿಡಿ ಅಂದೆ.